ತಿದ್ದಿಸಿಕೊಳ್ಳುವ ಕೃಪೆ



'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆ ಮಕ್ಕಳ ವಿಷಯಕ್ಕೆ ಮಾತ್ರ ಹೇಳಿದ್ದಲ್ಲ. ನಾವು ಕೈಯಾರೆ ಮಾಡಿದ ಯಾವ ಕೆಲಸಕ್ಕಾದರೂ ಅದು ಒಪ್ಪುತ್ತದೆ. ಕಾದಂಬರಿ ಬರೆಯುವವರಿಗೆ ಇದರ ಅನುಭವ ಹೆಚ್ಚು. ವರ್ಷಗಟ್ಟಲೆ ನಿದ್ದೆಗೆಟ್ಟು ಬರೆದ ಹಸ್ತಪ್ರತಿಯನ್ನು ಸಂಪಾದಕರಿಗೆ ಒಪ್ಪಿಸುತ್ತಾರೆ. ಅದು ಟಿಪ್ಪಣಿಗಳನ್ನು ಹೊತ್ತು ಮರಳಿ ಬರುತ್ತದೆ: ಇಲ್ಲಿ ಕಥೆ ಕುಂಟಿದೆ, ಈ ಪಾತ್ರಕ್ಕೆ ಜೀವವಿಲ್ಲ, ಆರಂಭವನ್ನು ಪುನಃ ಬರೆಯಿರಿ. ಮೊದಲು ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ, ನನಗೆ ಬರೆಯುವ ಯೋಗ್ಯತೆಯೇ ಇಲ್ಲವೇನೋ ಎಂಬ ಕುಗ್ಗು. ಅದರ ಹಿಂದೆಯೇ ಒಂದು ಕಠಿಣ ಪ್ರಶ್ನೆ: ಒಪ್ಪಿಕೊಂಡರೆ ನನ್ನತನವನ್ನು ಬಿಟ್ಟುಕೊಟ್ಟಂತೆಯೇ? ಒಪ್ಪದಿದ್ದರೆ ಅದು ಅಹಂಕಾರವೇ?

ಈ ಪ್ರಶ್ನೆಯನ್ನು ತನ್ನ ಬದುಕಿನಲ್ಲಿ ಎದುರಿಸಿದ ಒಬ್ಬ ಕಥೋಲಿಕ ಲೇಖಕಿ ಅಮೆರಿಕದ ಫ್ಲ್ಯಾನರಿ ಓಕಾನರ್. 1925ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದ ಈಕೆ ವಿದ್ಯಾರ್ಥಿನಿಯಾಗಿದ್ದಾಗಲೇ ಒಂದು ಪ್ರಾರ್ಥನಾ ದಿನಚರಿ ಬರೆಯುತ್ತಿದ್ದರು. ಒಳ್ಳೆಯ ಲೇಖಕಿಯಾಗುವ ವರವನ್ನು ಅದರಲ್ಲಿ ದೇವರಲ್ಲಿ ಬೇಡಿದ್ದಾರೆ. ಅದು 2013ರಲ್ಲಿ ಪುಸ್ತಕವಾಗಿ ಹೊರಬಂತು.

ಅವರ ಮೊದಲ ಕಾದಂಬರಿ 'ವೈಸ್ ಬ್ಲಡ್'. ಕ್ರಿಸ್ತನಿಲ್ಲದ ಸಭೆಯೊಂದನ್ನು ಸಾರಲು ಹೊರಟು, ಕೊನೆಗೂ ಕ್ರಿಸ್ತನಿಂದ ತಪ್ಪಿಸಿಕೊಳ್ಳಲಾಗದ ಒಬ್ಬ ಯುವಕನ ಕಥೆ ಅದು. ಅದರ ಕೆಲವು ಅಧ್ಯಾಯಗಳಿಗೆ 1947ರಲ್ಲಿ 750 ಡಾಲರ್ ಬಹುಮಾನ ಬಂತು. ಬಹುಮಾನ ಕೊಟ್ಟ ಪ್ರಕಾಶನ ಸಂಸ್ಥೆಗೇ ಆ ಕಾದಂಬರಿಯನ್ನು ಮೊದಲು ಪರಿಶೀಲಿಸುವ ಹಕ್ಕೂ ಇತ್ತು. ಆದರೆ 1949ರಲ್ಲಿ ಅಲ್ಲಿನ ಸಂಪಾದಕರಿಗೆ ಬರವಣಿಗೆಯ ಆ ವಿಚಿತ್ರ ರೀತಿ ಹಿಡಿಸಲಿಲ್ಲ. ಆಗ ಇಪ್ಪತ್ತಮೂರು ವರ್ಷದ ಲೇಖಕಿ ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ಟೀಕೆಗೆ ನಾನು ಸಿದ್ಧ, ಆದರೆ ನಾನು ಏನನ್ನು ಮಾಡಲು ಹೊರಟಿದ್ದೇನೋ ಅದರ ಎಲ್ಲೆಯೊಳಗೆ ಮಾತ್ರ. ಹೊಸಬಳೊಬ್ಬಳ ಈ ಮಾತು ಅವರಿಗೆ ಮೊಂಡುತನವಾಗಿ ಕಂಡಿತು. ಓಕಾನರ್ ಬೇರೆ ಪ್ರಕಾಶಕರ ಬಳಿಗೆ ಹೋದರು.

ಇಷ್ಟೇ ಆಗಿದ್ದರೆ ಹಠಮಾರಿಗಳಿಗೆ ಇದೊಂದು ಒಳ್ಳೆಯ ನೆಪವಾಗುತ್ತಿತ್ತು. ಮುಂದಿನದನ್ನು ಕೇಳಿ. 1950ರ ಕ್ರಿಸ್ಮಸ್‌ಗೆ ಊರಿಗೆ ಹೊರಟ ಓಕಾನರ್ ತೀವ್ರ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ಅದು ಲೂಪಸ್ ರೋಗ. 1941ರಲ್ಲಿ ತಂದೆಯನ್ನು ಬಲಿ ತೆಗೆದುಕೊಂಡದ್ದೂ ಅದೇ. ಆ ದುರ್ಬಲ ಸ್ಥಿತಿಯಲ್ಲೂ ಅವರು ಕಾದಂಬರಿಯನ್ನು ತಿದ್ದುತ್ತಲೇ ಇದ್ದರು. 1951ರಲ್ಲಿ ಹಸ್ತಪ್ರತಿ ಕ್ಯಾರೊಲಿನ್ ಗಾರ್ಡನ್ ಎಂಬ ಹಿರಿಯ ಕಾದಂಬರಿಗಾರ್ತಿಯ ಕೈ ಸೇರಿತು. ಗಾರ್ಡನ್ 1947ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದವರು. ಮೆಚ್ಚಿಕೊಂಡು ಸುಮ್ಮನಾಗದೆ ಅವರು ಪುಟಗಟ್ಟಲೆ ತಿದ್ದುಪಡಿಗಳನ್ನು ಬರೆದು ಕಳುಹಿಸಿದರು: ಕಥೆ ಹೇಳುವವರ ಭಾಷೆ ಪಾತ್ರಗಳ ಆಡುಮಾತಿನಂತಾಗಬಾರದು, ದೃಶ್ಯಕ್ಕೆ ಹಿನ್ನೆಲೆ ಸಾಲದು, ಇತ್ಯಾದಿ. ಓಕಾನರ್ ಮತ್ತೆ ಕುಳಿತು ತಿದ್ದಿದರು. ಪುಸ್ತಕ 1952ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಮುಂದೆಯೂ ಅವರು ತಮ್ಮ ಕಥೆಗಳನ್ನು ಗಾರ್ಡನ್‌ಗೆ ಕಳುಹಿಸುತ್ತಿದ್ದರು.

ಒಬ್ಬರ ತಿದ್ದುಪಡಿಗೆ ಒಲ್ಲೆ ಎಂದವರು ಇನ್ನೊಬ್ಬರ ತಿದ್ದುಪಡಿಗೆ ಏಕೆ ತಲೆಬಾಗಿದರು? ಒಬ್ಬರು ಗುರಿಯನ್ನೇ ಬದಲಿಸಲು ಹೇಳಿದರು. ಇನ್ನೊಬ್ಬರು ಅದೇ ಗುರಿ ಮುಟ್ಟಲು ನೆರವಾದರು. ಈ ಭೇದವನ್ನು ತಿಳಿಯುವುದೇ ವಿವೇಚನೆ. ಅದು ಪವಿತ್ರಾತ್ಮರ ವರ.

ಶುಭಸಂದೇಶವನ್ನು ತೆರೆದು ನೋಡಿ. ತಾವು ಯಾತನೆಪಟ್ಟು ಸಾಯಬೇಕೆಂದು ಯೇಸುಸ್ವಾಮಿ ಹೇಳಿದಾಗ ಪೇತ್ರನು ಅವರನ್ನು ಪಕ್ಕಕ್ಕೆ ಕರೆದು, ಹಾಗಾಗಕೂಡದು ಎಂದು ತಿದ್ದಲು ಹೋಗುತ್ತಾನೆ (ಮತ್ತಾಯ 16). ಪ್ರೀತಿಯಿಂದಲೇ ಆಡಿದ ಮಾತದು. ಆದರೂ ಪ್ರಭು ಅದನ್ನು ಖಡಾಖಂಡಿತವಾಗಿ ತಳ್ಳಿಹಾಕಿದರು. ಏಕೆಂದರೆ ಅದು ಶಿಲುಬೆಯ ದಾರಿಯನ್ನೇ ತಪ್ಪಿಸುವ ಸಲಹೆಯಾಗಿತ್ತು. ಅದೇ ಪೇತ್ರನನ್ನು ಅಂತಿಯೋಕ್ಯದಲ್ಲಿ ಪೌಲನು ಎಲ್ಲರೆದುರು ಖಂಡಿಸುತ್ತಾನೆ (ಗಲಾತ್ಯ 2). ಅನ್ಯಜನರೊಂದಿಗೆ ಊಟ ಮಾಡುತ್ತಿದ್ದ ಪೇತ್ರನು ಕೆಲವರಿಗೆ ಹೆದರಿ ಹಿಂದೆ ಸರಿದಿದ್ದನು. ಎಷ್ಟು ಅವಮಾನವಾಗಿರಬೇಕು! ಆದರೆ ಪೇತ್ರನ ಎರಡನೆಯ ಪತ್ರದ ಕೊನೆಯಲ್ಲಿ ಪೌಲನ ಹೆಸರು ಬರುವುದು ಪ್ರಿಯ ಸಹೋದರನೆಂದೇ.

ಪ್ರಿಯರೇ, ನಾವೆಲ್ಲರೂ ಕಾದಂಬರಿ ಬರೆಯುವವರಲ್ಲ. ಆದರೆ ನಮ್ಮ ಮನೆಗಳಲ್ಲಿ ದಿನನಿತ್ಯ ಹಸ್ತಪ್ರತಿಗಳು ತಿದ್ದುಪಡಿಗೆ ಬರುತ್ತಿವೆ. 'ಅಪ್ಪಾ, ನೀವು ಅಮ್ಮನ ಮೇಲೆ ಹಾಗೆ ರೇಗಬಾರದಿತ್ತು' ಎಂದು ಮಗಳು ಹೇಳಿದಾಗ ನಮ್ಮ ಉತ್ತರವೇನು? 'ನಿನಗೇನು ಗೊತ್ತು, ಬಾಯಿ ಮುಚ್ಚು' ಎಂಬುದೇ? ಸೊಸೆ ಅಡುಗೆಮನೆಯಲ್ಲಿ ಒಂದು ಹೊಸ ರೀತಿ ಸೂಚಿಸಿದರೆ ಅತ್ತೆಗೆ ತನ್ನ ಮೂವತ್ತು ವರ್ಷದ ಬಾಳ್ವೆಯನ್ನೇ ಹಳಿದಂತಾಗುತ್ತದೆ. ಇನ್ನೊಂದೆಡೆ, ಲಂಚ ಮುಟ್ಟದ ಗಂಡನಿಗೆ 'ನಾಲ್ಕು ಜನರಂತೆ ಇರಲು ಕಲಿಯಿರಿ' ಎಂದು ಬಂಧುಗಳು ಬುದ್ಧಿ ಹೇಳುತ್ತಾರೆ. ಅವನು ತಲೆಬಾಗಬಾರದು. ಅಲ್ಲಿ ಮಣಿಯುವುದು ವಿನಯವಲ್ಲ.

ಆದ್ದರಿಂದ ಯಾರಾದರೂ ನಿಮ್ಮನ್ನು ತಿದ್ದಿದಾಗ ಕೂಡಲೇ ಉತ್ತರಿಸಬೇಡಿ. ಒಂದು ರಾತ್ರಿ ಕಳೆಯಲಿ. ಪ್ರಾರ್ಥನೆಯಲ್ಲಿ ಕುಳಿತು ಕೇಳಿಕೊಳ್ಳಿ: ಈ ಮಾತು ದೇವರು ನನಗೆ ವಹಿಸಿದ ಕಾರ್ಯದಿಂದ ನನ್ನನ್ನು ದೂರ ಒಯ್ಯುತ್ತದೆಯೇ, ಅದಕ್ಕೆ ಹತ್ತಿರ ತರುತ್ತದೆಯೇ? ನನಗೆ ನೋವಾಗಿರುವುದು ಮಾತು ಸುಳ್ಳೆಂದೋ, ನಿಜವೆಂದೋ? ನೋವಾಯಿತೆಂಬ ಕಾರಣಕ್ಕೇ ಅದನ್ನು ತಳ್ಳಬೇಡಿ. ಫಲ ಕೊಡದ ಕವಲನ್ನು ತೋಟಗಾರನು ಕಡಿದುಹಾಕುತ್ತಾನೆ. ಕತ್ತರಿಸಿ ಸವರುವುದು ಫಲ ಕೊಡುವ ಕವಲನ್ನೇ ಎಂದು ಪ್ರಭು ಹೇಳಲಿಲ್ಲವೇ? ಪಾಪನಿವೇದನೆಯ ಸಂಸ್ಕಾರವಾದರೂ ಏನು? ಹರಿದುಹಾಕಬೇಕೆನಿಸುವ ನಮ್ಮ ಬಾಳಿನ ಪುಟವನ್ನು ದೇವರು ತಮ್ಮ ಕೈಗೆ ತೆಗೆದುಕೊಂಡು, ಮಗುವೇ, ಇನ್ನೊಮ್ಮೆ ಬರೆ ಎಂದು ಹಿಂದಿರುಗಿಸುವುದು.

ಓಕಾನರ್ 1964ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಕೊನೆಯ ತಿಂಗಳುಗಳಲ್ಲಿ ಅವರು ಮತ್ತೆ ಕೈಗೆತ್ತಿಕೊಂಡದ್ದು 1946ರಲ್ಲಿ ಅಚ್ಚಾಗಿದ್ದ ತಮ್ಮ ಮೊಟ್ಟಮೊದಲ ಕಥೆಯನ್ನು. ಅದನ್ನು ಹೊಸದಾಗಿ ಬರೆದು ಕೊಟ್ಟ ಹೆಸರು 'ನ್ಯಾಯತೀರ್ಪಿನ ದಿನ' ಎಂಬ ಅರ್ಥದ್ದು. ಅಚ್ಚಾಗಿ ಹದಿನೆಂಟು ವರ್ಷವಾದ ಕಥೆಯನ್ನೂ ಅವರು ಇನ್ನು ಸಾಕು ಎಂದು ಬಿಡಲಿಲ್ಲ.

ಆ ದಿನ ನಮಗೂ ಇದೆ. ಅದು ಬರುವ ಮುನ್ನ ತಿದ್ದಿಕೊಳ್ಳಲು ಸಮಯವಿದೆ, ತಿದ್ದುವ ಜನರನ್ನೂ ದೇವರು ನಮ್ಮ ಮನೆಯಲ್ಲೇ ಇಟ್ಟಿದ್ದಾರೆ. ಈ ವಾರ ಅವರಲ್ಲಿ ಒಬ್ಬರ ಮಾತನ್ನಾದರೂ ಕೊನೆಯವರೆಗೆ ಕೇಳಿಸಿಕೊಳ್ಳೋಣ. ಕೇಳುವ ಕಿವಿಯನ್ನೂ ವಿವೇಚಿಸುವ ಮನಸ್ಸನ್ನೂ ಪವಿತ್ರಾತ್ಮರು ನಮಗೆ ದಯಪಾಲಿಸಲಿ. ಆಮೆನ್.