ಹೆಸರಿಲ್ಲದ ಮಳೆ

ಚಿತ್ತಾ ಮಳೆ ಕಳೆದು ಸ್ವಾತಿ ಕಾಲಿಡುವ ಹೊತ್ತಿಗೆ ಮೈಸೂರಿನವರ ಮಾತುಕತೆಯೊಳಗೆ ಬಂಗಾಳಕೊಲ್ಲಿ ನುಗ್ಗುತ್ತದೆ. ‘ಮದ್ರಾಸ್ ಕಡೆ ಸೈಕ್ಲೋನ್ ಎದ್ದಿದೆಯಂತೆ’ ಎಂದು ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಬ್ಬರು ಅಂದರೆ ಸಾಕು, ಸಂಜೆಯೊಳಗೆ ಅದು ಬಂಡಿಪಾಳ್ಯದ ಎಪಿಎಂಸಿವರೆಗೂ ಹಬ್ಬಿರುತ್ತದೆ. ಮದುವೆ ಮನೆಯವರು ಬಟ್ಟೆಯ ಶಾಮಿಯಾನ ಬಿಟ್ಟು ತಗಡಿನ ಚಪ್ಪರಕ್ಕೆ ಹೇಳುತ್ತಾರೆ. ರಾಗಿ ಕೊಯ್ಯಲು ಹೊರಟವರು ಕುಡುಗೋಲು ಕೆಳಗಿಟ್ಟು ಮೂಡಣ ದಿಕ್ಕು ನೋಡುತ್ತಾರೆ. ಎರಡು ದಿನ ಬಿಟ್ಟು ಬಿಸಿಲು ಹೊಡೆದರೆ ಹವಾಮಾನ ಇಲಾಖೆಗೆ ಬೈಗುಳ; ಮಳೆ ಹಿಡಿದುಕೊಂಡರೆ ‘ನಾನು ಆಗಲೇ ಹೇಳಲಿಲ್ಲವೇ’ ಎನ್ನುವವರ ಕಾಲ.

ಸಮುದ್ರವೇ ಕಾಣದ ಊರಿಗೆ ಸಮುದ್ರದ ಚಿಂತೆ ಯಾಕೆ ಎನ್ನುವವರು ಒಮ್ಮೆ ಭೂಪಟ ಬಿಡಿಸಿ ನೋಡಬೇಕು. ಮೈಸೂರು, ಪುದುಚೇರಿ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, 12 ಡಿಗ್ರಿಯ ಆಸುಪಾಸಿನಲ್ಲಿವೆ. ನಡುವಿನ ನೇರ ದೂರ ಸುಮಾರು 350 ಕಿ.ಮೀ. ಅಲ್ಲಿ ದಡ ಹತ್ತಿದ ವಾಯುಭಾರ ಕುಸಿತ ಗಂಟೆಗೆ 15 ಕಿ.ಮೀ. ವೇಗದಲ್ಲಿ ನೆಟ್ಟಗೆ ಪಡುವಣಕ್ಕೆ ನಡೆದರೆ ಒಂದು ದಿನದಲ್ಲಿ ನಮ್ಮ ನೆತ್ತಿಯ ಮೇಲಿರುತ್ತದೆ. ಮುಂಗಾರಿನಲ್ಲಿ ಪಶ್ಚಿಮಘಟ್ಟ ಅಡ್ಡ ನಿಂತು, ಕೊಡಗಿಗೆ ಸುರಿದು ಉಳಿದದ್ದನ್ನಷ್ಟೇ ಮೈಸೂರಿಗೆ ಬಿಡುತ್ತದೆ. ಪೂರ್ವದಿಂದ ಬರುವ ಮೋಡಕ್ಕೆ ಅಷ್ಟು ದೊಡ್ಡ ಅಡ್ಡಿಯಿಲ್ಲ. ಇರುವ ಪೂರ್ವಘಟ್ಟವೂ ತುಂಡುತುಂಡು. ಮೈಸೂರಿನಲ್ಲಿ ಜುಲೈಗಿಂತ ಅಕ್ಟೋಬರ್‌ನಲ್ಲೇ ಹೆಚ್ಚು ಮಳೆಯಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಚಂಡಮಾರುತ ಒಮ್ಮೆಗೇ ಎದ್ದು ನಿಲ್ಲುವುದಿಲ್ಲ. ಉಷ್ಣವಲಯದಲ್ಲಿ ಮೂಡಣದಿಂದ ಪಡುವಣಕ್ಕೆ ಬೀಸುವ ಗಾಳಿಯಲ್ಲಿ ಆಗಾಗ ಒಂದು ಬಾಗು ಮೂಡುತ್ತದೆ. ಅದರ ಬೆನ್ನಿಗೆ ಮೋಡದ ಹಿಂಡು. ತಿಳಿದವರು ಅದನ್ನು ಪೂರ್ವದ ಅಲೆ ಎನ್ನುತ್ತಾರೆ. ಆಫ್ರಿಕಾ ಖಂಡದಿಂದ ಅಟ್ಲಾಂಟಿಕ್‌ಗೆ ವರ್ಷಕ್ಕೆ ಇಂಥ ಸುಮಾರು 60 ಅಲೆಗಳು ಇಳಿಯುತ್ತವೆ. ಅವುಗಳಲ್ಲಿ ಹರಿಕೇನ್ ಆಗಿ ಬೆಳೆಯುವುದು ಬೆರಳೆಣಿಕೆಯಷ್ಟು. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದವರು ಜೂನ್‌ನಿಂದ ನವೆಂಬರ್‌ವರೆಗೆ ಒಂದೊಂದನ್ನೂ ಬೆನ್ನು ಹತ್ತಿ ನೋಡುತ್ತಾರೆ. ನಮ್ಮ ಕೊಲ್ಲಿಗೆ ಕೆಲವು ಅಲೆಗಳು ಇನ್ನೂ ದೂರದಿಂದ, ಪೆಸಿಫಿಕ್ ಕಡೆಯಿಂದ ಬರುತ್ತವೆ. ವಿಯೆಟ್ನಾಂನಲ್ಲಿ ದಡಕ್ಕೆ ಬಡಿದು ಸತ್ತಿತು ಎಂದುಕೊಂಡ ಟೈಫೂನ್‌ನ ಅಳಿದುಳಿದ ಭಾಗ ಥಾಯ್ಲೆಂಡ್ ದಾಟಿ ಅಂಡಮಾನ್ ಸಮುದ್ರಕ್ಕೆ ಇಳಿದು ಮರುಹುಟ್ಟು ಪಡೆಯುವುದುಂಟು. 2019ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳಕ್ಕೆ ಬಡಿದ ‘ಬುಲ್‌ಬುಲ್’ ಹುಟ್ಟಿದ್ದು ಹಾಗೆ. ‘ಮಾತ್ಮೊ’ ಎಂಬ ಪೆಸಿಫಿಕ್ ಬಿರುಗಾಳಿಯ ಪಳೆಯುಳಿಕೆಯಿಂದ.

ಅಲೆ ಸುಳಿಯಾಗಬೇಕಾದರೆ ಹಲವು ಸಂಗತಿ ಕೂಡಿಬರಬೇಕು. ಸಮುದ್ರದ ನೀರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಅದೂ ಮೇಲುಪದರದಲ್ಲಷ್ಟೇ ಅಲ್ಲ, ತಕ್ಕಮಟ್ಟಿಗೆ ಆಳದವರೆಗೆ. ಭೂಮಿಯ ತಿರುಗಾಟ ಗಾಳಿಯನ್ನು ಸುತ್ತಿಸಬೇಕಾದರೆ ಸಮಭಾಜಕದಿಂದ ಸುಮಾರು 5 ಡಿಗ್ರಿಯಾದರೂ ದೂರವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ಜಗಳ ಇರಬಾರದು. ಮುಂಗಾರಿನ ನಡುವೆ ಕೊಲ್ಲಿಯಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿದರೂ ಚಂಡಮಾರುತ ಅಪರೂಪವಾಗುವುದು ಈ ಜಗಳದಿಂದಲೇ. ಕೆಳಗೆ ನೈರುತ್ಯದ ಗಾಳಿ, ತೀರಾ ಎತ್ತರದಲ್ಲಿ ಅದಕ್ಕೆ ಎದುರಾಗಿ ನುಗ್ಗುವ ಪೂರ್ವದ ಜೆಟ್ ಗಾಳಿ. ಆ ಜೆಟ್ ಗಾಳಿಯನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅಕ್ಟೋಬರ್‌ನಲ್ಲಿ ಅದು ಹಿಂದೆ ಸರಿಯುತ್ತದೆ, ಕೊಲ್ಲಿ ಇನ್ನೂ ಬೆಚ್ಚಗಿರುತ್ತದೆ. ದಿಲ್ಲಿಯ ಹವಾಮಾನ ಇಲಾಖೆಯವರು ನಿದ್ದೆಗೆಡುವುದು ಇಲ್ಲಿಂದ ಮುಂದಿನ ತಿಂಗಳುಗಳಲ್ಲೇ.

ಅವರು ಪ್ರತಿದಿನ ಹೊರಡಿಸುವ ಮುನ್ನೋಟವನ್ನು ನಮ್ಮಲ್ಲಿ ಓದುವವರು ಕಡಿಮೆ. ಮುಂದಿನ 7 ದಿನಗಳಲ್ಲಿ ಕೊಲ್ಲಿಯಲ್ಲಿ ವಾಯುಭಾರ ಕುಸಿಯುವ ಸಾಧ್ಯತೆ ಎಷ್ಟು ಎಂದು ಅದರಲ್ಲಿ ನಾಲ್ಕೇ ಮಾತಿನಲ್ಲಿ ಹೇಳಿರುತ್ತಾರೆ: ಇಲ್ಲ, ಕಡಿಮೆ, ಮಧ್ಯಮ, ಹೆಚ್ಚು. ‘ಕಡಿಮೆ’ ಎಂದರೆ ನೂರಕ್ಕೆ 33ರವರೆಗೆ, ‘ಮಧ್ಯಮ’ ಎಂದರೆ 67ರವರೆಗೆ. ಗುರುವಾರಗಳಂದು ಎರಡು ವಾರದ ಮುನ್ನೋಟ ಬೇರೆ. ಟೀವಿಯವರ ಕೈಗೆ ಸಿಕ್ಕಾಗ ಮಾತ್ರ ಈ ‘ಮಧ್ಯಮ’ ಕೆಂಪು ಸುಳಿಯಾಗಿ ತಿರುಗಲು ಶುರುವಾಗುತ್ತದೆ. ಹಿನ್ನೆಲೆಗೆ ತಮಟೆ ಸದ್ದು. ಹತ್ತರಲ್ಲಿ ನಾಲ್ಕು ಸಲ ಆಗಬಹುದು ಎಂದವರನ್ನು, ಆಗದ ಆರು ಸಲವೂ ಸುಳ್ಳುಗಾರರೆಂದು ಕರೆಯುವುದು ಯಾವ ನ್ಯಾಯ?

ಇಲ್ಲಿ ನಮ್ಮವರ ಒಂದು ಪಾಲಿದೆ. ಕೊಲ್ಲಿಯ ಮೋಡವನ್ನು ಸುಮಾರು 36,000 ಕಿ.ಮೀ. ಎತ್ತರದಿಂದ ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆದು ಕಳಿಸುವ ಇನ್ಸಾಟ್ ಉಪಗ್ರಹಗಳನ್ನು ಅಂಕೆಯಲ್ಲಿಟ್ಟು ನಡೆಸುವುದು ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಈ ಸಾಲಿನ ಹೊಸದು. ಚಹಾ ಅಂಗಡಿಯ ಬೆಂಚಿನ ಮೇಲೆ ಮೊಬೈಲ್‌ನಲ್ಲಿ ಮೋಡದ ಚಿತ್ರ ಹಿಗ್ಗಿಸಿ ನೋಡುವ ಹುಡುಗನಿಗೆ, ಆ ಕಣ್ಣಿನ ಲಗಾಮು ಇರುವುದು ಮೈಸೂರಿನಿಂದ ಮೂರು ಗಂಟೆಯ ಬಸ್ ದಾರಿಯಲ್ಲಿ ಎಂದು ಯಾರಾದರೂ ಹೇಳಬೇಕು. ಅಲೆಯನ್ನು ಕಾಯುವ ಕೆಲಸ ನಮ್ಮ ಕಡೆ ಹೊಸದೂ ಅಲ್ಲ. 1892ರಷ್ಟು ಹಿಂದೆಯೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ ಅವರ ಕೈಯಲ್ಲಿ ಮೈಸೂರು ಸಂಸ್ಥಾನದ ಹವಾಮಾನ ಇಲಾಖೆ ರೂಪುಗೊಂಡಿತ್ತು. ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳಿದ್ದವು.

ಇಷ್ಟೆಲ್ಲ ಕಾದು ನೋಡಿ, ಕೊನೆಗೆ ನಾವು ಕೇಳುವುದು ಒಂದೇ: ‘ಇದರ ಹೆಸರೇನು?’ ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ 13 ದೇಶಗಳು ಸೇರಿ ಕೊಟ್ಟ 169 ಹೆಸರುಗಳ ಪಟ್ಟಿ 2020ರಲ್ಲಿ ಹೊರಬಂತು. ಅದಕ್ಕೂ ಮುಂಚಿನ ಪಟ್ಟಿಯ ‘ಗಜ’, ಶ್ರೀಲಂಕಾ ಕೊಟ್ಟ ಹೆಸರು, 2018ರ ನವೆಂಬರ್ 16ರ ನಸುಕಿನಲ್ಲಿ ನಾಗಪಟ್ಟಣದ ಬಳಿ ದಡ ಹತ್ತಿ ಕಾವೇರಿಯ ಮುಖಜಭೂಮಿಯ ತೆಂಗಿನ ತೋಟಗಳನ್ನು ಮಲಗಿಸಿತು. (ಅಂಬಾರಿಯ ಊರಿನಲ್ಲಿ ಕುಳಿತು ಆ ಹೆಸರನ್ನು ಭಯದಿಂದ ಉಚ್ಚರಿಸುವುದು ಕಷ್ಟವೇ ಆಗಿತ್ತು.) ಆದರೆ ಹೆಸರು ಸಿಗಲು ಇರುವ ಅಳತೆ ಒಂದೇ: ಗಾಳಿ. ಸುಳಿಯ ಗಾಳಿ ಗಂಟೆಗೆ ಸುಮಾರು 63 ಕಿ.ಮೀ. ಮುಟ್ಟಿದರೆ ನಾಮಕರಣ. ಅದಕ್ಕಿಂತ ಕಡಿಮೆಯಾದರೆ ಬರೀ ವಾಯುಭಾರ ಕುಸಿತ. ಕಡಲ ತೀರದ ಮೀನುಗಾರನಿಗೆ, ಬಂದರಿನವರಿಗೆ ಇದು ಸರಿಯಾದ ಅಳತೆ. ಮೈಸೂರಿಗೆ ಅಲ್ಲ. ಇಲ್ಲಿಗೆ ತಲುಪುವ ಹೊತ್ತಿಗೆ ಗಾಳಿ ಉಡುಗಿರುತ್ತದೆ, ಉಳಿಯುವುದು ನೀರು. ನಮಗೆ ನಷ್ಟ ತರುವುದು ನೀರು.

2021ರ ನವೆಂಬರ್ ನೆನಪಿಸಿಕೊಳ್ಳಿ. 11ರಂದು ಒಂದು ವಾಯುಭಾರ ಕುಸಿತ ಚೆನ್ನೈ ಬಳಿ ದಡ ಹತ್ತಿತು. 19ರಂದು ಇನ್ನೊಂದು ಪುದುಚೇರಿ ಮತ್ತು ಚೆನ್ನೈ ನಡುವೆ ದಾಟಿತು. ಎರಡಕ್ಕೂ ಹೆಸರಿರಲಿಲ್ಲ. ದಕ್ಷಿಣ ಒಳನಾಡಿನಲ್ಲಿ ಆ ತಿಂಗಳು ವಾಡಿಕೆಯ ಹಲವು ಪಟ್ಟು ಮಳೆ ಸುರಿಯಿತು. ಅಕ್ಟೋಬರ್ ಮಳೆಗೆ ಕುಸಿದಿದ್ದ ಚಾಮುಂಡಿ ಬೆಟ್ಟದ ನಂದಿ ರಸ್ತೆ ಮತ್ತಷ್ಟು ಕುಸಿಯಿತು. ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತು. ಇವೆಲ್ಲ ಪತ್ರಿಕೆಯ ಮುಖಪುಟಕ್ಕೆ ಬಂದವು. ಬಾರದೆ ಉಳಿದದ್ದು ಹೊಲದ ಒಳಗಿನ ಸುದ್ದಿ.

ರಾಗಿಯನ್ನು ಕುಯ್ದ ಕೂಡಲೇ ಮನೆಗೆ ತರುವುದಿಲ್ಲ. ಹಿಡಿಹಿಡಿಯಾಗಿ ಅರಿ ಹಾಕಿ ಕೆಲವು ದಿನ ಹೊಲದಲ್ಲೇ ಒಣಗಲು ಬಿಡುತ್ತಾರೆ, ಆಮೇಲೆ ಕಟ್ಟಿ ಮೆದೆ ಒಟ್ಟುತ್ತಾರೆ. ಆ ಕೆಲವು ದಿನಗಳಲ್ಲಿ ಮಳೆ ಹಿಡಿದುಕೊಂಡಿತೋ, ಕೆಟ್ಟಿತು. ಜೋರು ಮಳೆಯೇ ಬೇಕೆಂದಿಲ್ಲ. ಬಿಸಿಲು ತೋರಿಸದೆ ಮೂರು ದಿನ ಜಿಟಿಜಿಟಿ ಹನಿಸಿದರೂ ಸಾಕು. ನೆಲಕ್ಕೆ ತಾಗಿದ ಮಗ್ಗುಲಿನ ತೆನೆ ಬೆಚ್ಚಗಾಗುತ್ತದೆ, ಮುಷ್ಟಿ ಬಿಡಿಸಿ ನೋಡಿದರೆ ಕಾಳಿನಿಂದ ಬಿಳಿ ಮೊಳಕೆಯ ಎಳೆ ಇಣುಕುತ್ತಿರುತ್ತದೆ. ಕಾಳು ಹೋದರೆ ಹೋಯಿತು ಎನ್ನುವಂತೆಯೂ ಇಲ್ಲ, ಹುಲ್ಲು ಕಪ್ಪಾಗಿ ಬೂಷ್ಟು ಹಿಡಿದು ದನ ಮೂಸಿ ಮುಖ ತಿರುಗಿಸುತ್ತದೆ. ಕುಯ್ಯದೆ ಬಿಟ್ಟವರ ಪಾಡೂ ಅಷ್ಟಕ್ಕಷ್ಟೆ: ನೀರು ಕುಡಿದ ತೆನೆಯ ಭಾರಕ್ಕೆ ಪೈರು ಚಾಪೆಯಂತೆ ಮಲಗಿ, ಕೊಯ್ಯುವ ಯಂತ್ರ ಇಳಿಯಲು ಹೊಲದಲ್ಲಿ ಜಾಗವೇ ಇರುವುದಿಲ್ಲ. ತಿ. ನರಸೀಪುರ, ಕೆ.ಆರ್. ನಗರದ ನಾಲೆ ಬಯಲಿನ ಭತ್ತದವರನ್ನು ಕೇಳಿದರೂ ಇದೇ ಕಥೆ, ಕಾಳು ಮಾತ್ರ ಬೇರೆ.

ಹೆಸರಿದ್ದ ಸುಳಿಗಳೂ ನಮ್ಮ ಕಡೆಗೆ ಬರುವುದು ಹೆಸರು ಕಳಚಿದ ಮೇಲೆಯೇ. 2024ರ ನವೆಂಬರ್ 30ರ ರಾತ್ರಿ ‘ಫೆಂಗಲ್’ ಪುದುಚೇರಿ ಬಳಿ ದಡಕ್ಕೆ ಬಂದು ಅಲ್ಲೇ ಗಂಟೆಗಟ್ಟಲೆ ಕೂತುಬಿಟ್ಟಿತು. ಆಮೇಲೆ ಸೊರಗಿ ಪಡುವಣಕ್ಕೆ ಸರಿಯಿತು. ಟೀವಿ ಕ್ಯಾಮೆರಾಗಳು ಕಡಲ ತೀರದಲ್ಲೇ ಇದ್ದಾಗ, ದಡದಿಂದ ನೂರಕ್ಕೂ ಹೆಚ್ಚು ಕಿ.ಮೀ. ಒಳಗಿರುವ, ಕರ್ನಾಟಕದ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನಕ್ಕೆ 50 ಸೆಂ.ಮೀ. ಮಳೆ ಬಿದ್ದು ಬಸ್‌ಗಳು ನೀರಿನಲ್ಲಿ ಕೊಚ್ಚಿಹೋದವು. ಆಗ ಅದು ಚಂಡಮಾರುತವೇ ಆಗಿರಲಿಲ್ಲ. ಡಿಸೆಂಬರ್ ಮೊದಲ ವಾರ ನಮ್ಮ ಹಲವು ಜಿಲ್ಲೆಗಳಲ್ಲಿ ಶಾಲೆಗೆ ರಜೆ ಕೊಟ್ಟದ್ದೂ ಆ ಸೊರಗಿದ ಸುಳಿಗೇ.

ಹೀಗಿರುವಾಗ ಮೈಸೂರಿನಲ್ಲಿ ಕುಳಿತು ‘ಇದು ಚಂಡಮಾರುತ ಆಗುತ್ತದೋ ಇಲ್ಲವೋ’ ಎಂದು ಕಾಯುವುದು ತಪ್ಪು ಪ್ರಶ್ನೆಗೆ ಉತ್ತರ ಕಾಯ್ದಂತೆ. ಆಗದಿದ್ದರೂ ಮಳೆ ಬರಬಹುದು, ಆದರೂ ನಮಗೆ ಬಿಸಿಲೇ ಇರಬಹುದು. ಸುಳಿ ಆಂಧ್ರದ ಕಡೆ ಬಾಗಿದರೆ ಇಲ್ಲಿಯ ಮೋಡವನ್ನೂ ಎಳೆದುಕೊಂಡು ಹೋಗುವುದುಂಟು. ಕೇಳಬೇಕಾದದ್ದು ನಮ್ಮ ತಾಲ್ಲೂಕಿಗೆ ಮುಂದಿನ ಐದು ದಿನ ಎಷ್ಟು ಮಿ.ಮೀ. ಎಂದು. ಅದಕ್ಕೆ ಉತ್ತರ ಇದೆ. ಮೈಸೂರಿನ ಪಕ್ಕದ ನಾಗನಹಳ್ಳಿ ಕೃಷಿ ಸಂಶೋಧನಾ ಕೇಂದ್ರದಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಬುಲೆಟಿನ್ ಬರುತ್ತದೆ, ಕನ್ನಡದಲ್ಲೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ ದಿನದ 24 ಗಂಟೆಯೂ ಉತ್ತರ ಕೊಡುತ್ತದೆ. ಪತ್ರಿಕೆಗಳೂ ಟೀವಿಯವರೂ ಸುಳಿಯ ಹೆಸರಿಗೆ ಕೊಡುವ ಜಾಗದ ಕಾಲುಭಾಗವನ್ನು ಈ ಮಳೆ ಅಂಕಿಗೆ ಕೊಟ್ಟರೆ ಬೇರೆ ಉಪಕಾರ ಬೇಕಿಲ್ಲ.

ಇನ್ನೊಂದು ಮಾತು, ಬಹಳ ಜನಕ್ಕೆ ಗೊತ್ತಿಲ್ಲದ್ದು. ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಪೈರು 14 ದಿನದೊಳಗೆ ಅಕಾಲ ಮಳೆಗೆ ಸಿಕ್ಕಿ ಹಾಳಾದರೂ ಪರಿಹಾರ ಕೇಳಲು ಅವಕಾಶವಿದೆ. ಚಂಡಮಾರುತಕ್ಕೆ ಹೆಸರಿರಲೇಬೇಕೆಂದು ಆ ನಿಯಮ ಹೇಳುವುದಿಲ್ಲ. ಆದರೆ ಹಾಳಾದ 72 ಗಂಟೆಯೊಳಗೆ ದೂರು ಕೊಡಬೇಕು. ಮಳೆ ನಿಲ್ಲಲಿ, ನೆಲ ಆರಲಿ ಎಂದು ಕಾಯುತ್ತ ಕೂತರೆ ಆ ಗಡುವು ಮುಗಿದಿರುತ್ತದೆ. ವಿಮೆ ಕಟ್ಟಿದವರು ರಸೀದಿ, ಮೊಬೈಲ್‌ನಲ್ಲಿ ತೆಗೆದ ಅರಿಯ ಫೋಟೊ ಎರಡನ್ನೂ ಕೈಯಲ್ಲಿಟ್ಟುಕೊಳ್ಳಿ. ಕುಡುಗೋಲು ಎತ್ತುವ ಮುಂಚೆ ಶುಕ್ರವಾರದ ಬುಲೆಟಿನ್‌ನಲ್ಲಿ ಐದು ದಿನದ ಮಳೆಯ ಸಾಲನ್ನು ಒಮ್ಮೆ ಓದಿ. ಸೈಕ್ಲೋನ್‌ನ ಹೆಸರನ್ನು ಆಮೇಲೆ ತಿಳಿದುಕೊಂಡರೂ ನಡೆಯುತ್ತದೆ.