ಧಾರವಾಡದ ಹುಡುಗ ಮತ್ತು ಮುಂಬಯಿಯ ಗೋಪುರ

ಮುಂಬಯಿಗೆ ಹೋದವರು ರಾಜಾಬಾಯಿ ಗೋಪುರವನ್ನು ನೋಡಿಯೇ ಬರುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದ ಗಡಿಯಾರದ ಗೋಪುರ ಅದು. 280 ಅಡಿ ಎತ್ತರ. 1878ರಲ್ಲಿ ಕಟ್ಟಿ ಮುಗಿಸಿದ್ದು. ಅದರ ಕೆಳಗೆ ನಿಂತು ಕತ್ತೆತ್ತಿದಾಗ ನಮಗೂ ಬೆರಗಾಯಿತು, ಸುಳ್ಳು ಯಾಕೆ ಹೇಳಬೇಕು? ಆದರೆ ಗೋಪುರ ಕಂಡಾಗ ಲೋಕ ತುದಿ ನೋಡುತ್ತದೆ, ನಾವು ಬುಡ ನೋಡಬೇಕಾದವರು. ಬುಡದಲ್ಲಿ ಯಾರಿದ್ದಾರೆ ಎಂದು ಹುಡುಕುತ್ತ ಹೋದರೆ ದಾರಿ ನಮ್ಮ ಧಾರವಾಡಕ್ಕೇ ಬಂದು ನಿಲ್ಲುತ್ತದೆ.

1856ರ ಜೂನ್ ತಿಂಗಳು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ತನಗೂ ಜಾಗ ಕೊಡಬೇಕೆಂದು ಒಬ್ಬ ಹುಡುಗ ಸರ್ಕಾರಕ್ಕೆ ಅರ್ಜಿ ಕೊಟ್ಟ. ಸರ್ಕಾರದ ಕಾಗದಗಳಲ್ಲಿ ಅವನ ಜಾತಿ ಮಹಾರ್ ಎಂದಿದೆ. ಊರಿನ ಮಾತಿನಲ್ಲಿ ಹೇಳುವುದಾದರೆ ಕೇರಿಯ ಹುಡುಗ. ಮುಂದಿನ ತಿಂಗಳು ಮುಂಬಯಿ ಸರ್ಕಾರ ತನ್ನ ತೀರ್ಮಾನ ಹೇಳಿತು. ಆ ತೀರ್ಮಾನವನ್ನು ನಾವೆಲ್ಲ ಬಾಯಿಪಾಠ ಮಾಡಬೇಕು. ಅದರ ಸಾರ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಅದರಲ್ಲಿ ಅನುಮಾನವಿಲ್ಲ. ಅವನನ್ನು ತಡೆದಿರುವ ಪೂರ್ವಗ್ರಹಗಳು ಬೇಗ ತೊಲಗಲಿ ಎಂದು ಸರ್ಕಾರ ಆಶಿಸುತ್ತದೆ. ಆದರೆ ಒಬ್ಬಿಬ್ಬರ ಸಲುವಾಗಿ ತಲೆತಲಾಂತರದಿಂದ ಬಂದ ನಂಬಿಕೆಗೆ ಏಕಾಏಕಿ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ಪೆಟ್ಟು ಬಿದ್ದೀತು.

ಅಂದರೆ, ನ್ಯಾಯ ನಿನ್ನದು, ಶಾಲೆ ಅವರದು.

ಆಗ ಮುಂಬಯಿಯ ಗವರ್ನರ್ ಆಗಿದ್ದವನು ಲಾರ್ಡ್ ಎಲ್ಫಿನ್‌ಸ್ಟನ್. ಸುಮಾರು ಒಂದು ವರ್ಷ ಕಳೆದು, 1857ರ ಜುಲೈ 18ರಂದು ಮುಂಬಯಿ ವಿಶ್ವವಿದ್ಯಾಲಯದ ಕಾಯಿದೆ ಬಂತು. ಅದೇ ಎಲ್ಫಿನ್‌ಸ್ಟನ್ ಅದರ ಮೊದಲ ಕುಲಪತಿಯಾದ. ಅದೇ ವರ್ಷ ಕಲ್ಕತ್ತ, ಮದರಾಸುಗಳಲ್ಲೂ ವಿಶ್ವವಿದ್ಯಾಲಯಗಳು ಹುಟ್ಟಿದವು. ಮೂರಕ್ಕೂ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿಯ ಮೊಹರು ಒತ್ತುವುದು ವಿಶ್ವವಿದ್ಯಾಲಯದ ಕೆಲಸ. 1862ರಲ್ಲಿ ಮುಂಬಯಿಯ ಮೊದಲ ಬಿ.ಎ.ಗಳು ಹೊರಬಂದರು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ್ ಅವರಲ್ಲಿದ್ದರು. ದೊಡ್ಡ ವಿದ್ವಾಂಸರು, ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆಪತ್ರಿಕೆಯ ಮುಂದೆ ಕುಳಿತವನ ಉತ್ತರವನ್ನು ಆ ಮೊಹರು ಅಳೆಯಿತೇ ಹೊರತು, ಕುಳಿತುಕೊಳ್ಳಲು ಯಾರನ್ನು ಬಿಡಲಿಲ್ಲ ಎಂದು ಕೇಳಲಿಲ್ಲ.

ಮೇಲಿನವರಿಗೆ ವಿದ್ಯೆ ಕೊಟ್ಟರೆ ಅದು ಸೋಸಿ ಕೆಳಗೆ ಇಳಿಯುತ್ತದೆ ಎಂಬ ವಾದ ಆ ಕಾಲದ ಆಳರಸರಲ್ಲಿ ಬಲವಾಗಿತ್ತು. 1854ರ ವುಡ್ ವರದಿ ಬಹುಜನರ ಶಿಕ್ಷಣದ ಮಾತನ್ನೂ ಆಡಿತು, ಆದರೆ ಹಣ ಹರಿದದ್ದು ಮೇಲಕ್ಕೇ. ಇಳಿದು ಬರುತ್ತದೆ ಎಂಬ ಈ ಮಾತು ನಮಗೆ ಹೊಸದಲ್ಲ. ಊರ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು ದೂರ ನಿಂತು, ಯಾರಾದರೂ ಪುಣ್ಯಾತ್ಮರು ಸೇದಿ ಮೇಲಿಂದ ಹುಯ್ಯಲಿ ಎಂದು ಕಾಯ್ದವರು ನಮ್ಮ ಅವ್ವಂದಿರು. ಹುಯ್ಯುವವರ ಮನಸ್ಸು ಬಂದಾಗ ನೀರು, ಬಾರದಿದ್ದರೆ ಇಲ್ಲ. ಬಾವಿಯನ್ನು ನಾವೇ ತೋಡಿದ್ದರೂ ಹಗ್ಗ ಮಾತ್ರ ಅವರ ಕೈಯಲ್ಲಿ.

ಈ ಬಾವಿ ತೋಡಿದವರು ಯಾರು? 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ ಇದನ್ನೇ ಹೇಳಿದರು. ಸರ್ಕಾರದ ವರಮಾನ ಬಹುಪಾಲು ರೈತನ ಬೆವರಿನದು, ಅದರಿಂದ ಓದುತ್ತಿರುವವರು ಮೇಲ್ವರ್ಗದ ಮಕ್ಕಳು, ಮೊದಲು ಹಳ್ಳಿಯ ಮಕ್ಕಳಿಗೆ ಕನಿಷ್ಠ 12 ವರ್ಷದವರೆಗೆ ಕಡ್ಡಾಯ ಶಿಕ್ಷಣ ಕೊಡಿ ಎಂದು ಕೇಳಿದರು. ಗೋಪುರಕ್ಕೆ ಹಣ ಕೊಟ್ಟವನು ಪ್ರೇಮಚಂದ ರಾಯಚಂದ, ರಾಜಾಬಾಯಿ ಅವನ ತಾಯಿಯ ಹೆಸರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ಹತ್ತಿಯ ಬೆಲೆ ಏರಿದಾಗ ಕೋಟ್ಯಧೀಶನಾದ ವ್ಯಾಪಾರಿ ಅವನು. ಆಗ ಮುಂಬಯಿಯ ವ್ಯಾಪಾರಿಗಳು ಕೊಂಡ ಹತ್ತಿಯಲ್ಲಿ ಧಾರವಾಡ ಸೀಮೆಯ ಕರಿನೆಲದ ಹತ್ತಿಯೂ ಇತ್ತು. ಹತ್ತಿ ಬಿಡಿಸಿದ ಕೈಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ನ್ಯಾಯ ಒಬ್ಬನ ಕಡೆ ಇದೆ ಎಂದು ಗೊತ್ತಿದ್ದೂ, ಹಲವರ ಹಿತಕ್ಕಾಗಿ ಅವನಿಗೆ ‘ತಾಳು’ ಎಂದು ಹೇಳುವ ಹಕ್ಕು ಯಾರಿಗಾದರೂ ಇದೆಯೆ?

ಇದೆ ಎನ್ನುವವರು ಮೂರ್ಖರೇನಲ್ಲ. ಆ ಹುಡುಗನನ್ನು ಸೇರಿಸಿಕೊಂಡಿದ್ದರೆ ಸವರ್ಣೀಯರು ತಮ್ಮ ಮಕ್ಕಳನ್ನು ಬಿಡಿಸುತ್ತಿದ್ದರು, ಶಾಲೆ ಮುಚ್ಚುತ್ತಿತ್ತು, ಆಗ ಯಾರಿಗೂ ಅಕ್ಷರವಿಲ್ಲ ಎನ್ನುತ್ತಾರೆ. ಇದಕ್ಕೆ ನಾವು ಹೇಳುವುದು ಮೂರು ಮಾತು.

ಒಂದು, ಇಬ್ಬರ ನಷ್ಟವೂ ಒಂದೇ ಅಲ್ಲ. ಮುಟ್ಟಾಗುತ್ತದೆಂದು ತಾನಾಗಿ ಎದ್ದು ಹೋಗುವವನಿಗೆ ಬಾಗಿಲು ತೆರೆದೇ ಇರುತ್ತದೆ, ನಾಳೆ ಬಂದರೂ ಕೂರಬಹುದು. ಹೊರಗೆ ನಿಲ್ಲಿಸಿದವನಿಗೆ ಬಾಗಿಲೇ ಇಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಕೂಡಲೆ ತೂಕದಲ್ಲಿ ಮೋಸ ನಡೆದುಹೋಯಿತು.

ಎರಡು, ಸಾಧ್ಯವೇ ಇರಲಿಲ್ಲ ಎನ್ನುವುದು ಸುಳ್ಳು. ಬಂಗಾಳದ ಯಾವ ಸರ್ಕಾರಿ ಶಾಲೆಯಲ್ಲೂ ಈ ಹುಡುಗನನ್ನು ಹೀಗೆ ತಡೆಯುತ್ತಿರಲಿಲ್ಲ ಎಂದು ಕಲ್ಕತ್ತದ ಸರ್ಕಾರವೇ 1857ರ ಜನವರಿಯಲ್ಲಿ ಮುಂಬಯಿಗೆ ಬರೆಯಿತು. ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ತೆರೆದಿರಬೇಕು ಎಂದು 1858ರಲ್ಲಿ ಕಂಪನಿಯ ನಿರ್ದೇಶಕರು ಲಂಡನ್ನಿನಿಂದ ಬರೆದರು. ಅದಕ್ಕೂ ಮುಂಚೆ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಮಹಾರ್, ಮಾಂಗ್ ಮಕ್ಕಳಿಗೆ ಶಾಲೆ ನಡೆಸಿದ್ದರು. ಫುಲೆ ದಂಪತಿಗಳ ಕೈಲಾದದ್ದು ಫಿರಂಗಿ ಇದ್ದ ಸರ್ಕಾರದ ಕೈಲಾಗಲಿಲ್ಲವೆ?

ಮೂರು, ‘ತಾಳು’ ಎಂಬ ಮಾತಿಗೆ ವಾಯಿದೆ ಇಲ್ಲ. ಎಷ್ಟು ದಿನ ತಾಳಬೇಕು ಎಂದು ಹೇಳದೆ ಹೇಳುವ ಮಾತು ಅದು. ಲೆಕ್ಕ ಹಾಕಿ ನೋಡಿ. 1882ರಲ್ಲಿ, ಅಂದರೆ ಅರ್ಜಿ ಕೊಟ್ಟ 26 ವರ್ಷಕ್ಕೆ, ಮುಂಬಯಿ ಪ್ರಾಂತದ ಕಾಲೇಜುಗಳಲ್ಲಿ ಕೆಳಜಾತಿಗಳ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಇದನ್ನು ಅಂಕಿ ಸಮೇತ ತೋರಿಸಿದರು. ಧಾರವಾಡದ ಹುಡುಗನ ಕತೆಯನ್ನು ಎತ್ತಿ ಹೇಳಿದ್ದೂ ಅದೇ ಹೇಳಿಕೆಯಲ್ಲಿ. ಅದೇ ವಿಶ್ವವಿದ್ಯಾಲಯದಿಂದ ಅವರು ಬಿ.ಎ. ಆದದ್ದು 1912ರಲ್ಲಿ, ಅರ್ಜಿಯ 56 ವರ್ಷಕ್ಕೆ. ಅವರಾದರೂ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂತು ಅಕ್ಷರ ಕಲಿತವರು. ಸಂಸ್ಕೃತ ಓದಲು ಬಿಡದ ಕಾರಣ ಪರ್ಶಿಯನ್ ಓದಿದವರು. ಲಂಡನ್ನಿನ ಕಾಗದದಲ್ಲಿ ತತ್ವ ಇತ್ತು, ಊರಿನ ಶಾಲೆಯಲ್ಲಿ ಗೋಣಿತಟ್ಟು ಇತ್ತು.

ಹಾಗಾದರೆ ಈ ವಿಶ್ವವಿದ್ಯಾಲಯಗಳ ಪರಂಪರೆ ನಮಗೆ ಬೇಡವೆ? ಬೇಡ ಎನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ, ಆದರೆ ನಾವು ಒಪ್ಪುವುದಿಲ್ಲ. ಅಂಬೇಡ್ಕರ್ ಆ ಗೋಪುರಕ್ಕೆ ಕಲ್ಲು ಹೊಡೆಯಲಿಲ್ಲ, ಕೈಮುಗಿದು ನಿಲ್ಲಲೂ ಇಲ್ಲ. 1927ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವಿಶ್ವವಿದ್ಯಾಲಯದ ಮಸೂದೆ ಬಂದಾಗ, ಸೆನೆಟ್ಟಿನಲ್ಲಿ ಹಿಂದುಳಿದವರಿಗೂ ಜಾಗ ಬೇಕೆಂದು ವಾದಿಸಿದರು. ಉನ್ನತ ವಿದ್ಯೆಯನ್ನು ಬಡವರ ಬಾಗಿಲಿಗೆ ತರುವುದೇ ವಿಶ್ವವಿದ್ಯಾಲಯದ ಮೂಲ ಕೆಲಸ ಎಂದರು. 1946ರಲ್ಲಿ ಅದೇ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಕಟ್ಟಿದರು. ಹಗ್ಗವನ್ನು ತಾವೇ ಹಿಡಿದರು. ಆದ್ದರಿಂದ ವಿಶ್ವವಿದ್ಯಾಲಯ ನಮ್ಮದು. ಕೊಟ್ಟವರ ಕೃಪೆಯಿಂದ ನಮ್ಮದಾಯಿತು ಎಂಬುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಋಣ ತೀರಿಸಬೇಕಾದದ್ದು ಕುಲಪತಿಗಳಿಗಲ್ಲ, ಬಾಗಿಲು ತಟ್ಟಿದ ಆ ಹುಡುಗನಿಗೆ.

ಹೀಗೆ ಬರೆಯುವ ನಮ್ಮ ಕೈ ಶುದ್ಧವೆ? ಇದನ್ನೂ ಹೇಳಿಬಿಡಬೇಕು. ನಮ್ಮಲ್ಲಿ ಕೆಲವರು ಹಳ್ಳಿ ಶಾಲೆಗಳ ಮಾಸ್ತರರು. ಕೆಲವು ವರ್ಷಗಳ ಹಿಂದೆ ನಾವಿದ್ದ ಒಂದು ಶಾಲೆಗೆ ಬಿಸಿಯೂಟದ ಅಡುಗೆಗೆಂದು ಕೇರಿಯ ಹೆಣ್ಣುಮಗಳೊಬ್ಬಳು ಬಂದಳು. ಮರುದಿನದಿಂದ ಅರ್ಧ ಮಕ್ಕಳು ಮನೆಯಿಂದ ಬುತ್ತಿ ತಂದರು. ಹೆಡ್‌ಮಾಸ್ತರರು ಕೆಟ್ಟವರಲ್ಲ. ನಮ್ಮನ್ನು ಕೂರಿಸಿಕೊಂಡು ಹೇಳಿದರು: “ನೀವು ಹೇಳೋದು ಖರೇ ಐತ್ರಿ ಸರ. ಆದ್ರ ಒಬ್ಬಾಕಿ ಸಲುವಾಗಿ ಇಡೀ ಸಾಲಿ ಹಾಳು ಮಾಡಾಕ ಆಗತೈತೇನ್ರಿ? ಊರು ತಣ್ಣಗಾಗಲಿ, ಸ್ವಲ್ಪ ತಡೀರಿ.”

ನಾವು ತಲೆಯಾಡಿಸಿದೆವು. ಆಕೆಯನ್ನು ಅಂಗಳ ಗುಡಿಸುವ ಕೆಲಸಕ್ಕೆ ಹಾಕಿದರು. ಊರು ತಣ್ಣಗಾಗಿ ಎಷ್ಟೋ ಕಾಲವಾಯಿತು. ಆಕೆ ಮತ್ತೆ ಒಲೆಯ ಮುಂದೆ ಬರಲಿಲ್ಲ. 1856ರ ಆ ತೀರ್ಮಾನವನ್ನು ನಾವು ಓದಿದ್ದು ಆಮೇಲೆ. ಓದುವಾಗ ಹೆಡ್‌ಮಾಸ್ತರರ ದನಿ ಕೇಳಿಸಿತು, ಜೊತೆಗೆ ನಮ್ಮ ಮೌನವೂ ಕೇಳಿಸಿತು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಆಗಿ, ಆಮೇಲೆ ಧಾರವಾಡವೇ ಅದರ ನೆಲೆಯಾಯಿತು. ಅರ್ಜಿ ತಿರಸ್ಕಾರವಾದ ಊರಿನಲ್ಲೇ ಕೇರಿಯ ಮಕ್ಕಳು ಎಂ.ಎ. ಆದರು, ಪಿಎಚ್.ಡಿ. ಆದರು. ಇದು ಸಣ್ಣ ಮಾತಲ್ಲ. ಆದರೆ 2016ರಲ್ಲಿ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ರೋಹಿತ್ ವೇಮುಲ ಹಾಸ್ಟೆಲಿನಿಂದ ಹೊರಹಾಕಿಸಿಕೊಂಡು ಸತ್ತ. ಸತ್ತ ಮೇಲೂ ಅವನ ಜಾತಿಯ ಕಾಗದ ಹುಡುಕಿದರು. ಬಾಗಿಲು ದಾಟಿ ಒಳಗೆ ಹೋದವನನ್ನೂ ಮತ್ತೆ ಹೊರಗೆ ನಿಲ್ಲಿಸಬಹುದು ಎಂದು ಆಗ ತಿಳಿಯಿತು.

ಗೆಳೆಯರೆ, ವಿಶ್ವವಿದ್ಯಾಲಯಗಳ ಶತಮಾನೋತ್ಸವಗಳು ನಡೆಯುತ್ತವೆ, ಸ್ಮರಣ ಸಂಚಿಕೆಗಳು ಬರುತ್ತವೆ. ಕೊಟ್ಟವರ, ಕಟ್ಟಿದವರ ಫೋಟೋಗಳಿರುತ್ತವೆ. ಅಂಥ ಸಭೆಗಳಲ್ಲಿ ನಾವು ಎದ್ದು ನಿಂತು ಧಾರವಾಡದ ಆ ಹುಡುಗನ ಅರ್ಜಿಯ ಕತೆ ಹೇಳಬೇಕು. ನಮ್ಮ ನಮ್ಮ ಶಾಲೆಗಳಲ್ಲಿ ಯಾರಾದರೂ “ನ್ಯಾಯ ನಿಮ್ಮ ಕಡೆ ಐತಿ, ಆದ್ರ” ಎಂದು ಮಾತು ತೆಗೆದರೆ, ಆ ‘ಆದ್ರ’ದ ಹತ್ತಿರವೇ ಅವರನ್ನು ತಡೆಯಬೇಕು. ನಾವು ಒಂದು ಸಲ ತಡೆಯಲಿಲ್ಲ. ಆ ಹೆಣ್ಣುಮಗಳು ಇವತ್ತೂ ಅಂಗಳ ಗುಡಿಸುತ್ತಿದ್ದಾಳೆ.