ಮನೆಯೊಳಗಿನ ಸುಂಕದಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ನಮ್ಮಲ್ಲಿ ಒಂದು ಗಾದೆ. ಸುಂಕದವನಿಗೆ ಕರುಳಿಲ್ಲವೆಂಬುದು ಅದರ ಪ್ರಸಿದ್ಧವಾದ ಅರ್ಥ. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಆ ಸುಂಕದವನು ಕಣ್ಣಿಗೆ ಕಾಣುವ ಮನುಷ್ಯ. ಅವನ ಕಟ್ಟೆ ಊರ ಬಾಗಿಲಲ್ಲಿ, ಎಲ್ಲರಿಗೂ ತಿಳಿದ ಜಾಗದಲ್ಲಿದೆ. ಅವನು ಕೇಳಲಿ ಬಿಡಲಿ, ಹೇಳಿಕೊಳ್ಳುವುದಕ್ಕೆ ಅವನೊಬ್ಬನಾದರೂ ಅಲ್ಲಿ ನಿಂತಿರುತ್ತಾನೆ. ಸುಂಕದಕಟ್ಟೆಯನ್ನು ಕಟ್ಟಿ, ಅಂಥದೊಂದು ಕಟ್ಟೆ ಇಲ್ಲವೇ ಇಲ್ಲವೆಂದು ದೊರೆತನವೇ ಸಾಧಿಸಹೊರಟರೆ ಪ್ರಜೆ ಯಾರ ಮುಂದೆ ಹೋಗಬೇಕು?

ಇಂಥ ವಿಚಿತ್ರವೊಂದು ಬ್ರಿಟನ್ನಿನಲ್ಲಿ ನಡೆದಿದೆ. ಅಲ್ಲಿಯ ಒಳನಾಡ ವ್ಯಾಪಾರದ ಸುದ್ದಿ ಪತ್ರಿಕೆಯ ಮೂಲೆಯಲ್ಲೆಲ್ಲೋ ಬಂದರೆ, ಸಾಸೇಜು ಆಲೂಗೆಡ್ಡೆಗಳ ತಕರಾರು ನಮಗೇಕೆಂದು ನಾವು ಪುಟ ತಿರುವುತ್ತೇವೆ. ಆದರೆ ಮಾತು ಕೊಟ್ಟವನ ಮೇಲೆ ಕಾವಲು ಯಾರದು ಎಂಬ ಹಳೆಯ ಪ್ರಶ್ನೆ ಆ ಆಲೂಗೆಡ್ಡೆಯ ಮೂಟೆಯಲ್ಲೇ ಅಡಗಿ ಕುಳಿತಿದೆ.

ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1921ರಲ್ಲಿ ಐರ್ಲೆಂಡ್ ದ್ವೀಪ ಎರಡಾಯಿತು. ಹೆಚ್ಚಿನ ಭಾಗ ಸ್ವತಂತ್ರ ರಾಜ್ಯವಾಗುವ ಹಾದಿ ಹಿಡಿಯಿತು. ಈಶಾನ್ಯದ ಆರು ಜಿಲ್ಲೆಗಳು ಬ್ರಿಟನ್ನಿನೊಡನೆ ಉಳಿದವು. ನಡುವೆ ಎಳೆದ ಗಡಿ ಸುಮಾರು 500 ಕಿಲೋಮೀಟರು ಉದ್ದ. ದಾಟುವ ದಾರಿಗಳು 200ಕ್ಕೂ ಹೆಚ್ಚು. 1923ರ ಏಪ್ರಿಲಿನಲ್ಲಿ ಅಲ್ಲಿ ಸುಂಕದ ಚೌಕಿಗಳು ಬಂದವು. 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ರಕ್ತ ಹರಿಯಿತು; ಸತ್ತವರು 3,500ರಷ್ಟು ಮಂದಿ. ಯೂರೋಪಿನ ಏಕ ಮಾರುಕಟ್ಟೆ ಏರ್ಪಟ್ಟಾಗ, 1993ರಲ್ಲಿ, ಸುಂಕದ ಚೌಕಿಗಳು ಹೋದವು. 1998ರ ಏಪ್ರಿಲ್ 10ರ ಒಪ್ಪಂದವಾದ ಮೇಲೆ ಸೈನಿಕರ ಚೌಕಿಗಳೂ ಒಂದೊಂದಾಗಿ ಹೋದವು. ಗಡಿ ನಕ್ಷೆಯಲ್ಲಿ ಉಳಿಯಿತು, ದಾರಿಯಲ್ಲಿ ಉಳಿಯಲಿಲ್ಲ. ಶಾಂತಿಯ ಅರ್ಧ ಗುಟ್ಟು ಈ ಅದೃಶ್ಯತೆಯಲ್ಲೇ ಇತ್ತು.

2016ರ ಜೂನ್ 23ರಂದು ಬ್ರಿಟನ್ನಿನ ಜನ ಯೂರೋಪಿನ ಒಕ್ಕೂಟವನ್ನು ಬಿಡಬೇಕೆಂದು ಶೇಕಡ 51.9ರ ಬಹುಮತದಿಂದ ತೀರ್ಮಾನಿಸಿದರು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಶೇಕಡ 55.8 ಮಂದಿ ಇರಬೇಕೆಂದಿದ್ದರು. ಒಕ್ಕೂಟದ ಹೊರಗಿನ ಸರಕು ಒಳಗೆ ಬರುವಾಗ ಎಲ್ಲಾದರೂ ಒಂದು ಕಡೆ ತಪಾಸಣೆ ಆಗಲೇಬೇಕು. ನೆಲದ ಗಡಿಯಲ್ಲಿ ಮಾಡಿದರೆ ಹಳೆಯ ಗಾಯ ಕೆದಕಿದಂತೆ. ಸಮುದ್ರದ ಮೇಲೆ ಮಾಡಿದರೆ ಒಂದೇ ದೇಶದ ಎರಡು ಅಂಗಗಳ ನಡುವೆ ಕಟ್ಟೆ ಕಟ್ಟಿದಂತೆ. ಎರಡೂ ಬೇಡವೆಂದರೆ ಇಡೀ ಬ್ರಿಟನ್ ಯೂರೋಪಿನ ನಿಯಮಗಳನ್ನು ಪಾಲಿಸಿಕೊಂಡೇ ಇರಬೇಕು. ಹಾಗಾದರೆ ಬಿಟ್ಟು ಬಂದ ಸುಖವೇನು? ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು, ಆರಿಸಿಕೊಂಡೆವೆಂದು ಜನಕ್ಕೆ ಹೇಳಬೇಕಾಗಿತ್ತು.

ಸಮುದ್ರದ ಗಡಿಯನ್ನು ಯಾವ ಬ್ರಿಟಿಷ್ ಪ್ರಧಾನಿಯೂ ಒಪ್ಪಲಾರರೆಂದು 2018ರಲ್ಲಿ ಥೆರೇಸಾ ಮೇ ಅವರು ಪಾರ್ಲಿಮೆಂಟಿನಲ್ಲಿ ಹೇಳಿದ್ದರು. 2019ರ ಅಕ್ಟೋಬರಿನಲ್ಲಿ ಅವರ ಉತ್ತರಾಧಿಕಾರಿ ಬೋರಿಸ್ ಜಾನ್ಸನ್ನರು ಅದನ್ನೇ ಒಪ್ಪಿದರು. ಆ ಒಪ್ಪಿಗೆಯನ್ನು ನಾನು ದೂರುವುದಿಲ್ಲ. ಮೂರು ಕಷ್ಟಗಳಲ್ಲಿ ಒಂದನ್ನು ಆರಿಸಿದರು. ಆದರೆ ಮುಂದಿನ ತಿಂಗಳೇ ಉತ್ತರ ಐರ್ಲೆಂಡಿಗೆ ಹೋಗಿ, ಅಲ್ಲಿಯ ವರ್ತಕರ ಮುಂದೆ, ಯಾರಾದರೂ ಸುಂಕದ ಫಾರಂ ತುಂಬಿಕೊಡಿ ಎಂದರೆ ನನಗೆ ಟೆಲಿಫೋನ್ ಮಾಡಿಸಿ, ಅದನ್ನು ಕಸದ ಬುಟ್ಟಿಗೆ ಹಾಕಲು ಹೇಳುತ್ತೇನೆ ಎಂಬರ್ಥದ ಮಾತನಾಡಿದರು. 2021ರ ಜನವರಿಯಿಂದ ಫಾರಂ ಬಂದೇ ಬಂದವು. ಸ್ಕಾಟ್ಲೆಂಡಿನ ಕೇರ್ನ್‌ರಯನ್ ಬಂದರಿನಿಂದ ಲಾರ್ನ್ ಬಂದರಿಗೆ ಹಡಗಿನಲ್ಲಿ ಹೋಗುವ ಲಾರಿ ತನ್ನ ದೇಶದೊಳಗೇ ಹೋಗುತ್ತಿದ್ದರೂ ಕಾಗದಪತ್ರ ತೋರಿಸಬೇಕಾಯಿತು. ಬೇರಿಗೆ ಬ್ರಿಟನ್ನಿನ ಮಣ್ಣು ಅಂಟಿದ್ದ ಗಿಡ ಆಚೆಗೆ ಹೋಗುವ ಹಾಗಿಲ್ಲವಾಯಿತು. ಬಿತ್ತನೆಯ ಆಲೂಗೆಡ್ಡೆಯೂ ನಿಂತಿತು.

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆ ಇದೆ. ಸುಂಕ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ; ಬಸ್ಸಿನ ಹಲಗೆಯ ಮೇಲೆ ಅದನ್ನು ಓದಿದವರು ಯಾರೂ ಬೆಚ್ಚುವುದಿಲ್ಲ. ಅಲ್ಲಿ ಆದದ್ದು ಇದರ ತಿರುವುಮುರುವು. ಸುಂಕ ಬಂತು, ಹೆಸರಿಡಲು ಯಾರಿಗೂ ಧೈರ್ಯವಾಗಲಿಲ್ಲ.

2021ರ ಫೆಬ್ರುವರಿಯಲ್ಲಿ ಬಂದರಿನ ತಪಾಸಣೆಗಾರರಿಗೆ ಬೆದರಿಕೆಯ ಗೋಡೆಬರಹಗಳು ಕಾಣಿಸಿಕೊಂಡು, ಲಾರ್ನ್ ಮತ್ತು ಬೆಲ್‌ಫಾಸ್ಟ್ ಬಂದರುಗಳಿಂದ ಅವರನ್ನು ಕೆಲವು ದಿನ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಮೇಲಿನವರು ಇಲ್ಲವೆಂದ ಕಟ್ಟೆಯಲ್ಲಿ ಕೆಳಗಿನವನು ನಿಂತರೆ ಆಗುವ ಗತಿ ಇದು. ಸುಂಕದವನಿಗೂ ಸುಖದುಃಖಗಳುಂಟು; ಗಾದೆ ಮಾಡಿದವರಿಗೆ ಅದು ನೆನಪಾಗಿರಲಾರದು.

ಇನ್ನು ಕಾವಲಿನ ಮಾತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2020ರ ಜನವರಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಂತರಿಕ ಮಾರುಕಟ್ಟೆಯ ಮಸೂದೆ ಬಂತು. ಆ ಒಪ್ಪಂದದ ಕೆಲವು ಭಾಗಗಳನ್ನು ಬದಿಗೊತ್ತುವ ಅಧಿಕಾರವನ್ನು ಮಂತ್ರಿಗಳಿಗೆ ಕೊಡುವ ಕಲಮುಗಳು ಅದರಲ್ಲಿದ್ದವು. ಇದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆಯೇ ಎಂದು ಕೇಳಿದಾಗ ಮಂತ್ರಿ ಬ್ರಾಂಡನ್ ಲೂಯಿಸರು, ಹೌದು, ಆದರೆ ಬಹು ನಿರ್ದಿಷ್ಟವಾಗಿ, ಮಿತವಾಗಿ ಎಂದು ಕಾಮನ್ಸ್ ಸಭೆಯಲ್ಲೇ ಉತ್ತರವಿತ್ತರು. ವಚನಭಂಗದಲ್ಲೂ ಮಿತವ್ಯಯವುಂಟೆಂದು ನನಗೆ ತಿಳಿದದ್ದು ಆಗಲೇ. ಅದೇ ದಿನ ಸರ್ಕಾರದ ಕಾನೂನು ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ನವೆಂಬರಿನಲ್ಲಿ ಲಾರ್ಡ್ಸ್ ಸಭೆ ಆ ಕಲಮುಗಳಿಗೆ ವಿರುದ್ಧವಾಗಿ 433ಕ್ಕೆ 165ರಂತೆ ಮತ ಕೊಟ್ಟಿತು. ಡಿಸೆಂಬರಿನಲ್ಲಿ ಸರ್ಕಾರವೇ ಅವನ್ನು ಕೈಬಿಟ್ಟಿತು. ಚುನಾಯಿತರಲ್ಲದ ಲಾರ್ಡುಗಳು ಚುನಾಯಿತರ ಮಾತನ್ನು ಕಾಯ್ದರು. ಪ್ರಜಾಪ್ರಭುತ್ವವನ್ನು ಪಾಠಪುಸ್ತಕದಿಂದ ಕಲಿತ ನಮ್ಮಂಥವರಿಗೆ ಇದು ಸ್ವಲ್ಪ ಇರುಸುಮುರುಸು ತರುವ ಸಂಗತಿಯೇ.

ಯೂರೋಪಿನವರೂ ಈ ವಿಷಯದಲ್ಲಿ ತೊಳೆದ ಮುತ್ತುಗಳಲ್ಲ. 2021ರ ಜನವರಿ 29ರಂದು, ಲಸಿಕೆಯ ರಫ್ತನ್ನು ತಡೆಯುವ ಭರದಲ್ಲಿ, ಅವರ ಆಯೋಗ ಒಪ್ಪಂದದ 16ನೆಯ ವಿಧಿಯನ್ನು ಪ್ರಯೋಗಿಸಹೊರಟು, ಗಂಟೆಗಳೊಳಗೆ ಹಿಂದಕ್ಕೆ ತೆಗೆದುಕೊಂಡಿತು. ಐರ್ಲೆಂಡಿನ ಶಾಂತಿಗಾಗಿಯೇ ಇಷ್ಟೆಲ್ಲ ಎನ್ನುತ್ತಿದ್ದವರು ಐರ್ಲೆಂಡಿನವರನ್ನೇ ಕೇಳಲು ಮರೆತಿದ್ದರು.

ನಾನು ಕಾಲೇಜಿನಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಪಾಠ ಹೇಳುವಾಗ ಪ್ರತಿವರ್ಷವೂ ಒಂದು ಪ್ರಶ್ನೆ ಏಳುತ್ತದೆ. ಸುಡುಗಾಡಿನ ಕಾವಲಿಗೆ ನಿಂತ ಅರಸ, ಸತ್ತ ಮಗನನ್ನು ತಂದ ತನ್ನ ಹೆಂಡತಿಯನ್ನೇ ತಡೆದು ತೆರಿಗೆ ಕೇಳುತ್ತಾನಲ್ಲ, ಆ ಸಂದರ್ಭ. “ಅಲ್ಲಿ ಯಾರು ನೋಡುತ್ತಿದ್ದರು ಸಾರ್? ಬಿಟ್ಟುಬಿಡಬಹುದಿತ್ತಲ್ಲ?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ. ಹುಡುಗರು ನಕ್ಕರು. ನಾನು ನಗಲಿಲ್ಲ, ಏಕೆಂದರೆ ರಾಜ್ಯಶಾಸ್ತ್ರದ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಅದು. ಹರಿಶ್ಚಂದ್ರನ ಕಾವಲು ಹರಿಶ್ಚಂದ್ರನ ಒಳಗೇ ಇತ್ತು. ಸರ್ಕಾರಗಳಿಗೆ ಅಂತಃಸಾಕ್ಷಿಯೆಂಬ ಅವಯವವಿಲ್ಲ. ಅದರ ಬದಲು ಸಮಿತಿ, ಕಚೇರಿ, ವರದಿಗಳನ್ನು ಹೊರಗಿನಿಂದ ಜೋಡಿಸಬೇಕಾಗುತ್ತದೆ. ಕಟ್ಟಿಗೆಯ ಕಾಲಿನಂತೆ, ಸೊಗಸಿಲ್ಲ, ಆದರೂ ನಡೆಯಬಹುದು.

ಮತ್ತೊಂದು ಭೇದವೂ ಇದೆ. ಹರಿಶ್ಚಂದ್ರ ಕೊಟ್ಟದ್ದು ಒಂದೇ ಮಾತು. ಲಂಡನ್ನಿನವರು ಕೊಟ್ಟದ್ದು ಎರಡು: ಸಮುದ್ರದಲ್ಲಿ ತಪಾಸಣೆ ನಡೆಸುತ್ತೇವೆಂದು ಯೂರೋಪಿಗೆ, ನಿಮ್ಮ ವ್ಯಾಪಾರಕ್ಕೆ ಅಡ್ಡಿಯಿರುವುದಿಲ್ಲವೆಂದು ಬೆಲ್‌ಫಾಸ್ಟಿನವರಿಗೆ. ಒಂದನ್ನು ಉಳಿಸಿದರೆ ಇನ್ನೊಂದು ಮುರಿಯುತ್ತದೆ. ಇದು ಹರಿಶ್ಚಂದ್ರನ ಸಂಕಟಕ್ಕಿಂತ ದಶರಥನ ಸಂಕಟಕ್ಕೆ ಹತ್ತಿರ. ದಶರಥನಿಗೆ ಎದೆಯೊಡೆಯಿತು, ಇಲ್ಲಿ ಯಾರಿಗೂ ಎದೆಯೊಡೆದ ವರದಿಯಿಲ್ಲ. ಬ್ರಿಟನ್ನಿನೊಡನೆ ಇರಬೇಕೆನ್ನುವ ಅಲ್ಲಿಯ ಪಕ್ಷದವರ ಸಿಟ್ಟನ್ನು ಬರಿಯ ಹಟವೆಂದು ತಳ್ಳಿಹಾಕುವವರು ಇದನ್ನು ಯೋಚಿಸಬೇಕು. 1800ರ ಏಕೀಕರಣ ಶಾಸನವೇ ಅವರಿಗೆ ವ್ಯಾಪಾರದಲ್ಲಿ ಸಮಸ್ಥಾನವನ್ನು ಕೊಟ್ಟಿತ್ತು. ಹೊಸ ಏರ್ಪಾಟು ಕಾನೂನುಬದ್ಧವೇ ಎಂದು 2023ರ ಫೆಬ್ರುವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು, ನಿಜ. ಕಾನೂನುಬದ್ಧವಾಗಿ ಮೋಸಹೋದವನಿಗೆ ಅದರಿಂದ ಎಷ್ಟು ಸಮಾಧಾನವಾದೀತು?

ಸ್ಕಾಟ್ಲೆಂಡಿನ ಕಡೆಯಿಂದ ನೋಡಿದರೆ ಇದೇ ಪ್ರಶ್ನೆಗೆ ಬೇರೊಂದು ಮುಖ. ಮೇಲೆ ಹೇಳಿದ ಮಸೂದೆ 2020ರ ಡಿಸೆಂಬರ್ 17ರಂದು ಶಾಸನವಾಯಿತು. ಸ್ಕಾಟ್ಲೆಂಡ್ ಮತ್ತು ವೇಲ್ಸಿನ ಶಾಸನಸಭೆಗಳು ಅದಕ್ಕೆ ಸಮ್ಮತಿ ಕೊಟ್ಟಿರಲಿಲ್ಲ. ಒಂದು ಪ್ರಾಂತದಲ್ಲಿ ಮಾರಲು ಯೋಗ್ಯವಾದದ್ದು ಎಲ್ಲ ಪ್ರಾಂತಗಳಲ್ಲೂ ಯೋಗ್ಯವೆಂಬುದು ಅದರ ಮೂಲಸೂತ್ರ. ಕೇಳಲು ನ್ಯಾಯವಾಗಿಯೇ ಇದೆ. ಖಾಲಿ ಬಾಟಲಿ ಹಿಂತಿರುಗಿಸಿದವರಿಗೆ 20 ಪೆನ್ಸ್ ಠೇವಣಿ ಮರಳಿಸುವ ಯೋಜನೆಯನ್ನು ಸ್ಕಾಟ್ಲೆಂಡಿನ ಸರ್ಕಾರ ಹಾಕಿಕೊಂಡಾಗ, ಈ ಶಾಸನದಿಂದ ವಿನಾಯಿತಿ ಬೇಕಾಯಿತು. ಗಾಜನ್ನು ಬಿಟ್ಟು ಮಿಕ್ಕದ್ದಕ್ಕೆ ಕೊಡುತ್ತೇವೆಂದು 2023ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಉತ್ತರ ಬಂತು. ಯೋಜನೆಯೇ ಮುಂದಕ್ಕೆ ಬಿತ್ತು. ಗಾಜು ಇರಬೇಕೇ ಬೇಡವೇ ಎಂಬುದು ನನಗೆ ಮುಖ್ಯವಲ್ಲ. ತೀರ್ಪು ಕೊಟ್ಟವರು ಯಾರು ಎಂಬುದು ಮುಖ್ಯ. ಇಂಗ್ಲೆಂಡಿಗೆ ಪ್ರತ್ಯೇಕ ಸರ್ಕಾರವಿಲ್ಲ. ಲಂಡನ್ನಿನ ಸರ್ಕಾರವೇ ಇಂಗ್ಲೆಂಡಿನ ಪರವಾಗಿ ವಾದಿಯೂ ಹೌದು, ಒಟ್ಟು ರಾಜ್ಯದ ಪರವಾಗಿ ಪಂಚನೂ ಹೌದು. ಆಂತರಿಕ ಮಾರುಕಟ್ಟೆಯ ಕಚೇರಿಯೆಂದು 2021ರಲ್ಲಿ ಒಂದು ಸಂಸ್ಥೆ ಏರ್ಪಟ್ಟಿದೆ. ಅದು ನಾಲ್ಕೂ ಸರ್ಕಾರಗಳಿಗೆ ಸಲಹೆ ಕೊಡಬಹುದು, ವರದಿ ಬರೆಯಬಹುದು. ಯಾವ ನಿಯಮವನ್ನೂ ರದ್ದುಮಾಡಲಾರದು. ನಮ್ಮ ಸಂವಿಧಾನದ 301ನೆಯ ವಿಧಿಯಲ್ಲಿಯೂ ದೇಶದೊಳಗಿನ ವ್ಯಾಪಾರ ಸ್ವತಂತ್ರವೆಂದಿದೆ; ಆದರೆ ರಾಜ್ಯಗಳ ಪ್ರವೇಶ ತೆರಿಗೆಯ ಜಗಳ ಕೊನೆಗೆ 2016ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಮುಂದೆ ಹೋಯಿತು. ತೀರ್ಪು ಯಾರಿಗೆ ಹಿತವಾಯಿತೋ ಇಲ್ಲವೋ, ಪಂಚರು ಜಗಳದವರಲ್ಲಿ ಒಬ್ಬರಾಗಿರಲಿಲ್ಲ.

ಬರಿಯ ವರದಿ ಬರೆಯುವ ಕಾವಲಿನಿಂದ ಏನು ಪ್ರಯೋಜನ ಎಂದು ನನ್ನ ಮಿತ್ರರೊಬ್ಬರು ಕೇಳುತ್ತಾರೆ. ಹಲ್ಲಿಲ್ಲದ ನಾಯಿಯೂ ಬೊಗಳಬಲ್ಲದು ಎಂದು ನಾನು ಹೇಳುತ್ತೇನೆ. ಆದರೆ ಬೊಗಳುವುದಕ್ಕೆ ಅದಕ್ಕೆ ಕಳ್ಳ ಕಾಣಿಸಬೇಕು; ಅಂದರೆ ಗಡಿಯನ್ನು ಗಡಿಯೆಂದು ಕರೆಯುವ ಅನುಮತಿ ಇರಬೇಕು.

ಆ ದೃಷ್ಟಿಯಿಂದ 2023ರ ಫೆಬ್ರುವರಿ 27ರಂದು ವಿಂಡ್ಸರಿನಲ್ಲಿ ರಿಷಿ ಸುನಕ್ ಅವರೂ ಉರ್ಸುಲಾ ಫೊನ್ ಡೆರ್ ಲೈಯನ್ ಅವರೂ ಮಾಡಿಕೊಂಡ ಏರ್ಪಾಟು ಹೆಚ್ಚು ಪ್ರಾಮಾಣಿಕ. ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ಹಸಿರು ದಾರಿ, ದಕ್ಷಿಣಕ್ಕೆ ಹೋಗಬಹುದಾದದ್ದಕ್ಕೆ ಕೆಂಪು ದಾರಿ. ಮಾಂಸದ ಪೊಟ್ಟಣದ ಮೇಲೆ, ಹಾಲಿನ ಡಬ್ಬಿಯ ಮೇಲೆ, ಇದು ಯೂರೋಪು ಒಕ್ಕೂಟಕ್ಕಲ್ಲ ಎಂಬ ಚೀಟಿ. ಆ ಒರಟು ಚೀಟಿ ನನಗೆ ಹಿಡಿಸಿತು. ಕಟ್ಟೆ ಇದೆಯೆಂದು ಅದು ಎಲ್ಲರೆದುರು ಒಪ್ಪಿಕೊಳ್ಳುತ್ತದೆ. ಆದರೆ 2024ರ ಜನವರಿಯಲ್ಲಿ, ಎರಡು ವರ್ಷ ನಿಂತುಹೋಗಿದ್ದ ಅಲ್ಲಿಯ ಶಾಸನಸಭೆಯನ್ನು ಮತ್ತೆ ಕೂಡಿಸಲು ರಾಜಿಯಾದಾಗ, ಹಸಿರು ದಾರಿ ಎಂಬ ಹೆಸರನ್ನೇ ತೆಗೆದು ಆಂತರಿಕ ಮಾರುಕಟ್ಟೆ ವ್ಯವಸ್ಥೆ ಎಂದು ಕರೆದರು. ಹೆಸರಿನ ಭಯ ಇನ್ನೂ ಬಿಟ್ಟಿರಲಿಲ್ಲ. ಜೊತೆಗೆ ಒಂದು ಸ್ವತಂತ್ರ ಮೇಲ್ವಿಚಾರಣಾ ಮಂಡಲಿಯನ್ನೂ ಘೋಷಿಸಿದರು. ಸರಕು ಸಾಗಣೆಯಲ್ಲಿ ಶೇಕಡ 80ಕ್ಕಿಂತ ಕಡಿಮೆಯಿಲ್ಲದಷ್ಟು ಆ ಸುಲಭದ ದಾರಿಯಲ್ಲಿ ಹೋಗುತ್ತಿದೆಯೇ ಎಂದು ನೋಡಿ ವರದಿ ಕೊಡುವುದು ಅದರ ಮುಖ್ಯ ಕೆಲಸ. ದೊಡ್ಡ ಅಂಗಡಿಗಳ ಲಾರಿಗಳೆಲ್ಲ ಆ 80ರಲ್ಲಿ ಸೇರಿಹೋಗುತ್ತವೆ. ಫಾರಂ ಬೇಡವೆಂದು ಉತ್ತರ ಐರ್ಲೆಂಡಿಗೆ ಮಾರುವುದನ್ನೇ ನಿಲ್ಲಿಸಿದ ಸಣ್ಣ ವರ್ತಕನ ಲಾರಿ ಎಣಿಕೆಗೇ ಸಿಗುವುದಿಲ್ಲ. ಅದು ಹೊರಟೇ ಇಲ್ಲವಲ್ಲ!

ಯೂರೋಪಿನ ಹೊಸ ನಿಯಮಗಳಿಗೆ ತಡೆಯೊಡ್ಡಲು ಆ ಶಾಸನಸಭೆಯ 30 ಸದಸ್ಯರ ಕೈಗೆ ಒಂದು ಬ್ರೇಕನ್ನೂ ಕೊಟ್ಟಿದ್ದಾರೆ. 2024ರ ಡಿಸೆಂಬರಿನಲ್ಲಿ, ರಾಸಾಯನಿಕಗಳ ಚೀಟಿಯ ವಿಷಯವಾಗಿ, ಅದನ್ನು ಮೊದಲ ಸಲ ಒತ್ತಿದರು. ನಿಗದಿಯಾದ ಷರತ್ತು ಪೂರೈಸಿಲ್ಲವೆಂದು 2025ರ ಜನವರಿಯಲ್ಲಿ ಲಂಡನ್ನಿನ ಮಂತ್ರಿಗಳು ನಿರಾಕರಿಸಿದರು. ಕಾಲು ಬೆಲ್‌ಫಾಸ್ಟಿನದು, ಗಾಡಿ ನಿಲ್ಲಬೇಕೋ ಬೇಡವೋ ಎನ್ನುವವರು ಲಂಡನ್ನಿನವರು. ಅದೇ ಡಿಸೆಂಬರಿನಲ್ಲಿ ಶಾಸನಸಭೆ ಇಡೀ ಏರ್ಪಾಟನ್ನು ಮುಂದುವರಿಸಲು 48ಕ್ಕೆ 36ರಂತೆ ಸಮ್ಮತಿಸಿತು. ಬ್ರಿಟನ್ ಪಕ್ಷದವರ ಒಂದು ಮತವೂ ಪರವಾಗಿ ಬೀಳಲಿಲ್ಲ. ಎರಡೂ ಸಮುದಾಯಗಳ ಒಪ್ಪಿಗೆ ದೊರೆತಿದ್ದರೆ ಎಂಟು ವರ್ಷ ಮತ್ತೆ ಕೇಳಬೇಕಾಗಿರಲಿಲ್ಲ. ದೊರೆಯಲಿಲ್ಲವಾಗಿ ನಾಲ್ಕೇ ವರ್ಷದಲ್ಲಿ, 2028ರಲ್ಲಿ, ಅದೇ ಪ್ರಶ್ನೆಯನ್ನು ಅದೇ ಸಭೆಯ ಮುಂದೆ ಮತ್ತೆ ಇಡಬೇಕು.